ಕೊಲೆಸ್ಟರಾಲ್ ಅಲ್ಲ, ಉರಿಯೂತ ಎನ್ನುವವರಿಗೆ

ಪ್ರಶ್ನೆ: ಹೃದಯಾಘಾತಕ್ಕೆ ಕಾರಣ ಕೊಲೆಸ್ಟರಾಲ್ ಅಲ್ಲ, ಉರಿಯೂತ ಎಂದು ವಿಡಿಯೊದಲ್ಲಿ ನೋಡಿದೆ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬಿಡಬಹುದಾ?

ಬಿಡಬೇಡಿ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೆಲವರು ಮಾತ್ರೆ ಬಿಟ್ಟಾದ ಮೇಲೆ ಕೇಳುತ್ತಾರೆ, ಅದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಕೊಲೆಸ್ಟರಾಲ್ ಮತ್ತು ಉರಿಯೂತ ಒಂದೇ ಕಾಯಿಲೆಯ ಎರಡು ಹಂತ.

ಎಲ್‌ಡಿಎಲ್ ಅಂದರೆ ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತೊಯ್ಯುವ ಕಣ, ರಿಸೆಪ್ಟರ್ ಅಂದರೆ ಅದನ್ನು ಹಿಡಿಯುವ ಕೊಕ್ಕೆ. ಲಿವರ್ ಕೋಶದ ಮೇಲಿರುವ ಎಲ್‌ಡಿಎಲ್ ರಿಸೆಪ್ಟರ್ ರಕ್ತದಲ್ಲಿರುವ ಎಲ್‌ಡಿಎಲ್ ಕಣವನ್ನು ಹಿಡಿದು ಒಳಗೆ ಎಳೆದುಕೊಳ್ಳುತ್ತದೆ. ಕೋಶಕ್ಕೆ ಸಾಕಾದರೆ ರಿಸೆಪ್ಟರ್ ತಯಾರಿ ಕಡಿಮೆಯಾಗುತ್ತದೆ. ಇದನ್ನು ಬಿಡಿಸಿ ತೋರಿಸಿದ್ದಕ್ಕೇ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರ ನೊಬೆಲ್ ಬಂತು. ಸ್ಟ್ಯಾಟಿನ್ ಕೋಶದೊಳಗೆ ಕೊಲೆಸ್ಟರಾಲ್ ತಯಾರಾಗುವುದನ್ನು ತಡೆಯುತ್ತದೆ. ಆಗ ಕೊರತೆಯಾದ ಕೋಶ ರಿಸೆಪ್ಟರ್‌ಗಳನ್ನು ಹೆಚ್ಚಿಸಿ ರಕ್ತದಿಂದ ಎಲ್‌ಡಿಎಲ್ ತೆಗೆಯುತ್ತದೆ.

ಕಸ ನುಂಗುವ ಬಿಳಿ ರಕ್ತಕಣವಾದ ಮ್ಯಾಕ್ರೋಫೇಜ್ ಕಥೆ ಬೇರೆ. ರಕ್ತದಲ್ಲಿ ಜಾಸ್ತಿಯಾದ ಎಲ್‌ಡಿಎಲ್ ರಕ್ತನಾಳದ ಗೋಡೆಯೊಳಗೆ ನುಸುಳಿ, ಅಲ್ಲೇ ಸಿಕ್ಕಿಕೊಂಡು ಕೆಡುತ್ತದೆ. ಅದನ್ನು ಗುಡಿಸಲು ಬಂದ ಮ್ಯಾಕ್ರೋಫೇಜ್‌ಗಳು ಸ್ಕ್ಯಾವೆಂಜರ್ ರಿಸೆಪ್ಟರ್ ಮೂಲಕ ನುಂಗುತ್ತವೆ. ಈ ರಿಸೆಪ್ಟರ್‌ಗೆ ಸಾಕು ಅನ್ನುವುದೇ ಗೊತ್ತಿಲ್ಲ. ನುಂಗಿ ನುಂಗಿ ಕೋಶ ಉಬ್ಬುತ್ತದೆ. ಮೈಕ್ರೊಸ್ಕೋಪಿನಲ್ಲಿ ನೋಡಿದರೆ ಒಳಗೆಲ್ಲ ಸಣ್ಣ ಸಣ್ಣ ಗುಳ್ಳೆಗಳು, ನೊರೆ ತುಂಬಿದ ಚೀಲದ ಹಾಗೆ. ಅದಕ್ಕೇ ನೊರೆಕೋಶ ಎಂಬ ಹೆಸರು. ಕೊಲೆಸ್ಟರಾಲ್ ಅಲ್ಲಿ ಹರಳುಗಟ್ಟುತ್ತದೆ. ಹರಳು ಚುಚ್ಚಿದಾಗ ಕೋಶ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸಂದೇಶದ ಪ್ರೋಟೀನ್ ಬಿಡುಗಡೆ ಮಾಡಿ ಇನ್ನಷ್ಟು ಬಿಳಿ ರಕ್ತಕಣಗಳನ್ನು ಕರೆಯುತ್ತದೆ. ನೀವು ಕೇಳಿದ ಉರಿಯೂತ ಇದೇ. ಇದೆಲ್ಲ ಗೋಡೆಯೊಳಗೆ ಸೇರಿ ಬ್ಲಾಕ್ ಆಗುತ್ತದೆ. ಕೊನೆಗೆ ಅದರ ಮೇಲಿನ ಪೊರೆ ತೆಳ್ಳಗಾಗಿ ಹರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತ.

ಹಾಗಾದರೆ ಉರಿಯೂತವನ್ನಷ್ಟೇ ತಡೆದರೆ? 2017ರ ಕ್ಯಾಂಟೋಸ್ ಅಧ್ಯಯನ ನೋಡಿದ್ದು ಇದನ್ನೇ. ಹಿಂದೆ ಹೃದಯಾಘಾತವಾಗಿದ್ದ 10,000ಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆಯುವ ಕ್ಯಾನಕಿನುಮ್ಯಾಬ್‌ನ 150 ಮಿ.ಗ್ರಾಂ ಇಂಜೆಕ್ಷನ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾರೆ ಸುಮಾರು ಶೇ 15ರಷ್ಟು ಕಡಿಮೆಯಾದವು. ಎಲ್‌ಡಿಎಲ್ ಇಳಿದಿರಲಿಲ್ಲ. ವಿಡಿಯೊದವರು ಹೇಳುವುದು ಇಷ್ಟೇ. ಅಧ್ಯಯನದಲ್ಲಿದ್ದ ಹೆಚ್ಚಿನವರು ಸ್ಟ್ಯಾಟಿನ್ ತೆಗೆದುಕೊಳ್ಳುತ್ತಲೇ ಇದ್ದರು, ಇಂಜೆಕ್ಷನ್ ಪಡೆದವರಲ್ಲಿ ಸೋಂಕಿನ ಸಾವು ಜಾಸ್ತಿಯಾಯಿತು ಅನ್ನುವುದನ್ನು ಮುಚ್ಚಿಡುತ್ತಾರೆ.

ಪ್ರಶ್ನೆ: ಉರಿಯೂತಕ್ಕೆ ದಿನಾ ನೋವಿನ ಮಾತ್ರೆ ತಗೊಂಡರೆ ಒಳ್ಳೇದಲ್ವಾ?

ಅಲ್ಲ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥವು ಹೃದಯಾಘಾತದ ಅಪಾಯವನ್ನು ಹೆಚ್ಚಿಸುತ್ತವೆ.

ಪ್ರಶ್ನೆ: ಉರಿಯೂತ ತಗ್ಗಿಸುವ ಕಾಲ್ಚಿಸಿನ್ ಮಾತ್ರೆ ತಗೋಬಹುದಾ?

ಹೃದಯಾಘಾತದ ಅಪಾಯ ತಗ್ಗಿಸಲು 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 0.5 ಮಿ.ಗ್ರಾಂಗೆ ಒಪ್ಪಿಗೆ ಕೊಟ್ಟಿದೆ. ಆದರೆ ಕಿಡ್ನಿ ತೊಂದರೆ ಇರುವವರಿಗೆ ನಾನಂತೂ ಬರೆಯುವುದಿಲ್ಲ. ನೀವಾಗಿಯೇ ಸುಮ್ನೆ ಶುರು ಮಾಡಬೇಡಿ.

ಪ್ರಶ್ನೆ: ಬ್ಲಾಕ್ ಕರಗಿಸುವ ಪುಡಿ ನಿಜವೇ?

ಸುಳ್ಳು. ಬ್ಲಾಕ್ ಇರುವುದು ಗೋಡೆಯೊಳಗೆ, ಪೈಪಿನ ಜಿಡ್ಡಿನ ಹಾಗೆ ಮೇಲೆ ಅಂಟಿಕೊಂಡಿಲ್ಲ. ಇಂಥ ಪುಡಿ ಮಾರುವವರು ಜನರ ಜೀವದ ಜೊತೆ ಆಟವಾಡುತ್ತಿದ್ದಾರೆ.

ಪ್ರಶ್ನೆ: ಜ್ವರ ಇದ್ದಾಗ ಮಾಡಿಸಿದ, ಉರಿಯೂತ ತೋರಿಸುವ ರಕ್ತಪರೀಕ್ಷೆ ಸಿಆರ್‌ಪಿ ಜಾಸ್ತಿ ಬಂದಿದೆ. ಹೃದಯಕ್ಕೆ ಅಪಾಯವೇ?

ಅದು ಜ್ವರದ ಸಿಆರ್‌ಪಿ. ವಾಸಿಯಾಗಿ ಕೆಲವು ವಾರ ಕಳೆದ ಮೇಲೆ, ಸಣ್ಣ ಏರಿಕೆಯನ್ನೂ ಹಿಡಿಯುವ ಹೈ-ಸೆನ್ಸಿಟಿವಿಟಿ ಸಿಆರ್‌ಪಿ ಮಾಡಿಸಿ, ಆಮೇಲೆ ಮಾತಾಡೋಣ.