'ಗೆದ್ದವ ಸೋತ' ಅಂತ ಹೇಳಿಕೊಟ್ಟವರು ಯಾರು?

ದಾವಣಗೆರೆಯಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ತಮ್ಮ ಒಂದು ಕಾರ್ಖಾನೆಯಲ್ಲಿ 14 ವರ್ಷ ಮಷೀನ್ ನಡೆಸಿದವರು. ಹೋದ ತಿಂಗಳು ಕರೆದು, ನಾಳೆಯಿಂದ ಬರಬೇಡ, ಮೂರು ತಿಂಗಳ ಸಂಬಳ ಕೊಡುತ್ತೇವೆ, ಈ ಕಾಗದಕ್ಕೆ ಸಹಿ ಹಾಕು ಎಂದರಂತೆ. 'ಕಾರ್ಮಿಕ ನ್ಯಾಯಾಲಯದ ಬಗ್ಗೆ ನೀವು ಹೋದ ಸಂಚಿಕೆಯಲ್ಲಿ ಅಷ್ಟು ನಂಬಿಕೆಯಿಂದ ಬರೆದಿರಿ. ಆದರೆ ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅಂತ ನಮ್ಮಪ್ಪ ಹೇಳುತ್ತಿದ್ದರು. ತಮ್ಮನಿಗೆ ಇಬ್ಬರು ಚಿಕ್ಕ ಮಕ್ಕಳು. ಸಿಕ್ಕಷ್ಟು ತಗೊಂಡು ರಾಜಿಯಾಗು ಅಂದರೆ ತಪ್ಪಾ?' ಎಂದು ಕೇಳಿದ್ದಾರೆ.

ಪ್ರಿಯ ಸಹೋದರಿ,

ರಾಜಿ ತಪ್ಪಲ್ಲ. ಅಣ್ಣತಮ್ಮಂದಿರ ಪಾಲು, ಬದುವಿನ ಜಗಳ, ಚೆಕ್ ಬೌನ್ಸ್, ಇಂಥವು ಲೋಕ ಅದಾಲತ್‌ನಲ್ಲಿ ಮುಗಿದರೆ ಒಳ್ಳೆಯದೇ. ಅಲ್ಲಿ ಆದ ರಾಜಿಗೆ ಡಿಕ್ರಿಯ, ಅಂದರೆ ಕೋರ್ಟಿನ ತೀರ್ಪಿನ, ಬಲ ಇದೆ, ಅದರ ಮೇಲೆ ಅಪೀಲು ಇಲ್ಲ, ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ. ಜಗಳ ಆಡಿದವರು ನಾಳೆ ಅದೇ ಓಣಿಯಲ್ಲಿ ಒಬ್ಬರ ಮುಖ ಒಬ್ಬರು ನೋಡಬೇಕಲ್ವಾ. ಅಲ್ಲಿಗೆ ರಾಜಿ ಬೇಕು.

ಆದರೆ ನಿಮ್ಮ ತಮ್ಮನ ಮುಂದೆ ಇಟ್ಟಿರುವ ಕಾಗದಕ್ಕೆ ರಾಜಿ ಅನ್ನಬೇಡಿ. ಲೆಕ್ಕ ಹಾಕೋಣ ಬನ್ನಿ. ಮೂಲ ವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 18,200 ಎಂದು ಬರೆದಿದ್ದೀರಿ. ಮೂರು ತಿಂಗಳಿಗೆ 54,600 ಆಯಿತು. ಈಗ ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದವರು ಕೆಲಸ ಬಿಡುವಾಗ ಕೊಡಬೇಕಾದ ಹಣ, ನೋಡಿ. ತಿಂಗಳಿಗೆ 26 ಕೆಲಸದ ದಿನ ಅಂತ 18,200ನ್ನು 26ರಿಂದ ಭಾಗಿಸಿದರೆ ದಿನಕ್ಕೆ 700. ವರ್ಷಕ್ಕೆ 15 ದಿನದ ಲೆಕ್ಕದಲ್ಲಿ 10,500. 14 ವರ್ಷಕ್ಕೆ 1,47,000 ರೂಪಾಯಿ! ಇದು ಬರೀ ಗ್ರಾಚ್ಯುಟಿ. ಪಿಎಫ್ ಬೇರೆ. ಕೆಲಸವಿಲ್ಲ ಅಂತ ತೆಗೆದಿದ್ದರೆ ನೋಟಿಸಿನ ಸಂಬಳ ಬೇರೆ, ವರ್ಷಕ್ಕೆ 15 ದಿನದ ಇನ್ನೊಂದು ಪರಿಹಾರ ಬೇರೆ. ನಿಮ್ಮ ತಮ್ಮನದೇ ಹಣದಲ್ಲಿ ಮೂರನೇ ಒಂದು ಪಾಲು ಅವರ ಕೈಗಿಟ್ಟು, ಉಳಿದದ್ದು ಬಿಟ್ಟೆ ಅಂತ ಬರೆಸಿಕೊಳ್ಳಲು ಹೊರಟಿದ್ದಾರೆ. ನೀವು ಅದನ್ನೇ 'ಸಿಕ್ಕಷ್ಟು' ಅನ್ನುತ್ತಿದ್ದೀರಿ. ಕೋಪ ಮಾಡಿಕೊಳ್ಳಬೇಡಿ, ಅಕ್ಕನಾಗಿ ನೀವು ಮೊದಲು ಮಾಡಬೇಕಿದ್ದದ್ದು ಈ ಲೆಕ್ಕ.

ನನಗೆ ಇಷ್ಟು ಹಠ ಯಾಕೆ ಅಂತ ಹೇಳುತ್ತೇನೆ. 1988ರಲ್ಲಿ ನಾನು ಕರಡು ತಿದ್ದುವ ಕೆಲಸದಲ್ಲಿದ್ದೆ. ನಮ್ಮ ಪತ್ರಿಕೆ ಅಚ್ಚಾಗುತ್ತಿದ್ದ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ, ಅಂದರೆ ಸೀಸದ ಅಕ್ಷರ, ಜೋಡಿಸುವ ಹಿರಿಯರೊಬ್ಬರಿದ್ದರು. ಸೀಸದ ಮೊಳೆ ಕದ್ದರು ಅಂತ ಅವರನ್ನು ತೆಗೆದರು. ಸಂಧಾನಾಧಿಕಾರಿಯ ಕಚೇರಿಗೆ ಅವರ ಜೊತೆ ನಾನೂ ಹೋಗಿದ್ದೆ. ಪ್ರೆಸ್ಸಿನವರು ಆರು ತಿಂಗಳ ಸಂಬಳ ಕೊಡಲು ಒಪ್ಪಿದರು. ಎಲ್ಲರಿಗೂ ಸಮಾಧಾನ. ಟೀ ಬಂತು. ಕಾಗದ ಇನ್ನೂ ಮೇಜಿನ ಆಚೆ ಬದಿಯಲ್ಲಿತ್ತು. ಮೊಳೆ ಜೋಡಿಸುವವರಿಗೆ ತಲೆಕೆಳಗಾದ ಅಕ್ಷರ ಓದುವುದು ಸಲೀಸು. ಇವರು ಕೂತಲ್ಲಿಂದಲೇ ಓದಿದರು: 'ನನ್ನ ತಪ್ಪನ್ನು ಒಪ್ಪಿಕೊಂಡು ಸ್ವಇಚ್ಛೆಯಿಂದ ಕೆಲಸ ಬಿಟ್ಟಿರುತ್ತೇನೆ.' ಪೆನ್ನಿನ ಕ್ಯಾಪ್ ಮುಚ್ಚಿದರು. 'ಯಾವ ತಪ್ಪು ಸಾರ್?' ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಎದ್ದು ಬಂದುಬಿಟ್ಟರು.

ಏಳು ವರ್ಷ ಹಿಡಿಯಿತು. ಹೆಂಡತಿಯ ಕಿವಿಯ ಓಲೆ ಹೋಯಿತು. ಅವರ ಪರವಾಗಿ ವಾದ ಮಾಡಿದ್ದು ವಕೀಲರಲ್ಲ, ಕಾರ್ಮಿಕ ಸಂಘದ ಕಾರ್ಯದರ್ಶಿ. ಕಾರ್ಮಿಕ ನ್ಯಾಯಾಲಯದಲ್ಲಿ ಸಂಘದ ಪದಾಧಿಕಾರಿಯೇ ನಿಂತು ವಾದಿಸಬಹುದು, ತುಂಬ ಜನಕ್ಕೆ ಇದು ಗೊತ್ತಿಲ್ಲ. ಪಾಟೀಸವಾಲಿನಲ್ಲಿ ಆತ ಸುತ್ತಿ ಬಳಸದೆ ಕೇಳಿದ್ದು ಒಂದೇ: ಸೀಸ ತೂಗಿ ಬರೆದಿಟ್ಟ ಪುಸ್ತಕ ಎಲ್ಲಿ? ಅಂಥ ಪುಸ್ತಕವೇ ಇರಲಿಲ್ಲ. ಎಷ್ಟಿತ್ತು ಅಂತಲೇ ಗೊತ್ತಿಲ್ಲದ ಮೇಲೆ ಎಷ್ಟು ಹೋಯಿತು ಅಂತ ಹೇಗೆ ಹೇಳುತ್ತಾರೆ? ಮತ್ತೆ ಕೆಲಸಕ್ಕೆ ತಗೊಳ್ಳಿ, ಹಿಂಬಾಕಿ ಸಂಬಳದಲ್ಲಿ ಅರ್ಧ ಕೊಡಿ ಅಂತ ಅವಾರ್ಡ್, ಅಂದರೆ ಕಾರ್ಮಿಕ ನ್ಯಾಯಾಲಯದ ತೀರ್ಪು, ಆಯಿತು. ಮಾಲೀಕರು ಹೈಕೋರ್ಟಿಗೆ ಹೋದರು. ಆಗಿನ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ 17ಬಿ ಅಂತ ಒಂದು ಕಲಂ ಇತ್ತು. ಮತ್ತೆ ಕೆಲಸಕ್ಕೆ ತಗೊಳ್ಳಿ ಅಂದ ಅವಾರ್ಡನ್ನು ಮಾಲೀಕ ಮೇಲಿನ ಕೋರ್ಟಿನಲ್ಲಿ ಪ್ರಶ್ನಿಸಿದರೆ, ಆ ಕೇಸು ಮುಗಿಯುವ ತನಕ, ಬೇರೆ ಕಡೆ ಕೆಲಸ ಸಿಗದ ಕಾರ್ಮಿಕನಿಗೆ ಕೊನೆಯ ಸಂಬಳ ಕೊಡುತ್ತಲೇ ಇರಬೇಕು. ಮೂರು ತಿಂಗಳು ಕೊಟ್ಟು ನೋಡಿದರು, ಆಮೇಲೆ ಕೇಸು ಹಿಂತೆಗೆದುಕೊಂಡು ಕೆಲಸಕ್ಕೆ ಕರೆದರು.

ಇವರು ಗೆದ್ದೂ ಸೋತರು ಅಂತ ಹೇಳಬಹುದಾ? ಓಲೆ ವಾಪಸ್ ಬರಲಿಲ್ಲ, ನಿಜ. ಆದರೆ ಆ ಏಳು ವರ್ಷದಲ್ಲಿ ಹದಿನಾಲ್ಕು ತಿಂಗಳು ನ್ಯಾಯಾಧೀಶರ ಕುರ್ಚಿಯೇ ಖಾಲಿ ಇತ್ತು. ಎಷ್ಟು ಸಲ ವಾಯಿದೆ ಕೇಳಿದರೋ ಲೆಕ್ಕವಿಲ್ಲ, ಪ್ರತಿ ಸಲವೂ ಕೇಳಿದ್ದು ಎದುರು ಕಡೆಯವರು. ತಡ ಮಾಡುವವರು ಒಬ್ಬರು, ತಡವಾಯಿತು ಅಂತ ನೋಯುವವರು ಇನ್ನೊಬ್ಬರು. ಕೊನೆಗೆ ಗಾದೆ ಹೇಳಿಸಿಕೊಂಡು ಮನೆಗೆ ಹೋಗಬೇಕಾದವನೂ ಆ ಇನ್ನೊಬ್ಬನೇ. ನಿಮ್ಮ ತಂದೆಯ ಮೇಲೆ ನನಗೆ ಗೌರವ ಇದೆ, ಅವರು ಕಂಡದ್ದನ್ನೇ ಹೇಳಿದ್ದಾರೆ. ಆದರೆ ಬಡವ ಕೋರ್ಟಿನ ಮೆಟ್ಟಿಲು ಹತ್ತದಿದ್ದರೆ ಈ ಗಾದೆಯಿಂದ ಲಾಭ ಯಾರಿಗೆ ಅಂತ ಒಮ್ಮೆ ಯೋಚಿಸಿ.

ಇನ್ನೊಂದು ವಿಷಯ. ರಾಜಿ ಇಬ್ಬರ ನಡುವೆಯೇ ಮುಗಿದುಹೋಗುತ್ತದೆ. ತೀರ್ಪು ಊರೂರು ಸುತ್ತುತ್ತದೆ. ನಮ್ಮ ಬೆಂಗಳೂರು ಜಲಮಂಡಳಿಯ ಕೇಸನ್ನೇ ತಗೊಳ್ಳಿ. ಮಂಡಳಿ ಕೆಲವು ನೌಕರರಿಗೆ ದಂಡ ಹಾಕಿ ಹಣ ಹಿಡಿಯಿತು. ನಮ್ಮ ಮಾತು ಸರಿಯಾಗಿ ಕೇಳದೆ ಶಿಕ್ಷೆ ಕೊಟ್ಟಿದ್ದಾರೆ, ಹಣ ವಾಪಸ್ ಕೊಡಿ ಅಂತ ನೌಕರರು ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ಮಂಡಳಿ ಏನಂತು ಗೊತ್ತಾ? ನಾವು 'ಕೈಗಾರಿಕೆ'ಯೇ ಅಲ್ಲ, ಈ ನ್ಯಾಯಾಲಯಕ್ಕೆ ನಮ್ಮನ್ನು ಕರೆಯುವ ಅಧಿಕಾರವೇ ಇಲ್ಲ! ಅದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದವರೆಗೆ ಹೋಯಿತು. 1978ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ಬಂತು. ಆಸ್ಪತ್ರೆ, ಶಿಕ್ಷಣ ಸಂಸ್ಥೆ, ಕ್ಲಬ್ಬುಗಳೂ ಕೈಗಾರಿಕೆಯ ಅರ್ಥದೊಳಗೆ ಬಂದವು. ಆಸ್ಪತ್ರೆಯ ವಾರ್ಡ್ ಬಾಯ್, ಕಾಲೇಜಿನ ಜವಾನ ಕಾರ್ಮಿಕ ನ್ಯಾಯಾಲಯದ ಬಾಗಿಲು ತಟ್ಟುವಂತಾದದ್ದು ಹೀಗೆ. ದಂಡದಲ್ಲಿ ಅರ್ಧ ವಾಪಸ್ ಕೊಡ್ತೀವಿ, ಸುಮ್ನಿರಿ ಅಂತ ಯಾರಾದರೂ ಅವತ್ತು ಅವರನ್ನು ಒಪ್ಪಿಸಿಬಿಟ್ಟಿದ್ದರೆ?

ಉಲ್ಟಾ ಹೊಡೆದ ತೀರ್ಪುಗಳೂ ಇವೆ. 2006ರ ಉಮಾದೇವಿ ಕೇಸು, ಅದೂ ನಮ್ಮ ರಾಜ್ಯದ್ದೇ. ಅದನ್ನು ತೋರಿಸಿ ದೇಶದ ಎಷ್ಟೋ ದಿನಗೂಲಿಗಳಿಗೆ ಕಾಯಂ ಇಲ್ಲ ಎಂದರು. ಆದರೆ ಕಾರಣ ಕಾಗದದ ಮೇಲಿತ್ತು. ಹಾಗಾಗಿ 2024ರ ಡಿಸೆಂಬರಿನಲ್ಲಿ, ಕೇಂದ್ರ ಜಲ ಆಯೋಗದಲ್ಲಿ ವರ್ಷಗಟ್ಟಲೆ ಕಸ ಗುಡಿಸಿದ ಹೆಂಗಸರ ಕೇಸಿನಲ್ಲಿ, ಆ ತೀರ್ಪನ್ನು ಹೀಗೆ ಬಳಸುವುದು ತಪ್ಪು ಅಂತ ಅದೇ ಸುಪ್ರೀಂ ಕೋರ್ಟ್ ಹೇಳಿ ಅವರನ್ನು ಕಾಯಂ ಮಾಡಿಸಿತು. ಸಹಿ ಹಾಕಿ ಮಡಚಿಟ್ಟ ರಾಜಿ ಪತ್ರವನ್ನು ಹೀಗೆ ಯಾರು ತೆಗೆದು ಓದುತ್ತಾರೆ?

ಲೋಕ ಅದಾಲತ್ ಮುಗಿದ ಮರುದಿನ ಪೇಪರಿನಲ್ಲಿ ಇಷ್ಟು ಲಕ್ಷ ಕೇಸು ಇತ್ಯರ್ಥ ಅಂತ ದೊಡ್ಡ ಸುದ್ದಿ ಬರುತ್ತದೆ. ಎಷ್ಟು ಬರಬೇಕಿತ್ತು, ಎಷ್ಟಕ್ಕೆ ಒಪ್ಪಿದರು ಅಂತ ಯಾರೂ ಬರೆಯುವುದಿಲ್ಲ. ನಾವು ಪತ್ರಿಕೆಯವರೂ ಬರೆದಿಲ್ಲ. ಕೇಸು ಜಾಸ್ತಿ ಇದ್ದರೆ ನ್ಯಾಯಾಧೀಶರನ್ನು ಹಾಕಿ, ಸ್ಟೆನೋ ಹಾಕಿ. ಆಗದು ಅಂದರೆ ಆಗದು ಅನ್ನಿ. ಅದನ್ನು ಬಿಟ್ಟು, ಕಾಯಲು ಶಕ್ತಿ ಇಲ್ಲದವನಿಗೆ ರಾಜಿಯೇ ಒಳ್ಳೆಯದು ಅಂತ ಬುದ್ಧಿ ಹೇಳುವುದು ನನಗೆ ಒಪ್ಪಿಗೆ ಇಲ್ಲ.

ಭಾಷೆಯ ಕಥೆ ಇನ್ನೊಂದು. ಆ ಹಿರಿಯರ ಅವಾರ್ಡ್ ಹನ್ನೊಂದು ಪುಟ, ಅಷ್ಟೂ ಇಂಗ್ಲಿಷ್. ನಲವತ್ತು ವರ್ಷ ಕನ್ನಡದ ಮೊಳೆ ಜೋಡಿಸಿದ ಮನುಷ್ಯನಿಗೆ ಅವರದೇ ಬದುಕಿನ ತೀರ್ಪನ್ನು ನಾನು ಹೋಟೆಲಿನಲ್ಲಿ ಕೂತು ಕನ್ನಡದಲ್ಲಿ ಓದಿ ಹೇಳಬೇಕಾಯಿತು. 'ಕದ್ದಿಲ್ಲ ಅಂತ ಇರೋ ಸಾಲು ಯಾವುದು, ತೋರಿಸಿ' ಎಂದರು. ತೋರಿಸಿದೆ. ಬೆರಳಿಟ್ಟು ನೋಡಿದರು. 'ಇದನ್ನೊಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡಿ, ಮನೇಲಿ ತೋರಿಸ್ಬೇಕು' ಎಂದರು.

ಈಗ ನಿಮ್ಮ ತಮ್ಮನ ವಿಷಯ. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಕೆಲಸದಿಂದ ತೆಗೆದರೆ ದೂರು ಕೊಡಲು ಮೊದಲು ಮೂರು ವರ್ಷ ಇದ್ದ ಗಡುವು ಈಗ ಎರಡಕ್ಕೆ ಇಳಿದಿದೆ. ಹಾಗಾಗಿ ಸುಮ್ನೆ ಕೂರಬೇಡಿ. ಸಹಿ ಬೇಡ. ನೇಮಕದ ಪತ್ರ, ಸಂಬಳದ ಚೀಟಿ, ಪಿಎಫ್ ಪಾಸ್‌ಬುಕ್, ಹಾಜರಾತಿಯ ಏನೇ ಗುರುತಿದ್ದರೂ ಒಂದು ಕಡೆ ಸೇರಿಸಿ ಝೆರಾಕ್ಸ್ ಮಾಡಿಸಿ. ಬರಬೇಡ ಎಂದದ್ದನ್ನು ಬರವಣಿಗೆಯಲ್ಲಿ ಕೊಡಿ ಅಂತ ಸ್ಪೀಡ್ ಪೋಸ್ಟಿನಲ್ಲಿ ಕೇಳಲಿ. ಆಮೇಲೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕೈಗಾರಿಕಾ ಕಾರ್ಮಿಕನಿಗೆ ಅಲ್ಲಿ ವಕೀಲರ ನೆರವು ಉಚಿತ, ನಿಮ್ಮಂಥ ಮಹಿಳೆಯರಿಗೂ ಉಚಿತ. ಮುಂದೆ ಅವರು 1,47,000 ಕೊಟ್ಟು, ಉಳಿದ ಬಾಕಿ ಕೊಟ್ಟು, ಮರ್ಯಾದೆಯಿಂದ ಮಾತಿಗೆ ಕರೆದರೆ ಹೋಗಿ ಕೂತು ಮಾತಾಡಲಿ. ಆಗ ಬರುವ ಕಾಗದದ ಒಂದು ಪ್ರತಿ ನನಗೂ ಕಳಿಸಿ. ಇಂಗ್ಲಿಷಿನಲ್ಲಿದ್ದರೆ ಸಾಲು ಸಾಲಾಗಿ ಕನ್ನಡದಲ್ಲಿ ಬರೆದು ಕಳಿಸುತ್ತೇನೆ.

- ಸಂಪಾದಕ