ತೂಕ ಏರಿದಾಗ ಆರೋಗ್ಯ ಆ್ಯಪ್ ಖಡಕ್ಕಾಗಿ ಹೇಳಬೇಕೇ, ಮೃದುವಾಗಿಯೇ?

ಸ್ಮಾರ್ಟ್ ತೂಕದ ಯಂತ್ರಕ್ಕೆ ಆ್ಯಪ್ ಮಾಡುತ್ತಿದ್ದೇವೆ, ಬಳಕೆದಾರರ ತೂಕ ಏರಿದಾಗ ಸಂದೇಶ ಖಡಕ್ಕಾಗಿರಲಿ ಎಂದು ತಂಡದ ಅರ್ಧ ಜನ, ಮೃದುವಾಗಿರಲಿ ಎಂದು ಇನ್ನರ್ಧ ಜನ ಹಟ ಹಿಡಿದಿದ್ದಾರೆ, ಏನು ಮಾಡೋಣ ಎಂದು ಕೇಳಿದ್ದೀರಿ. ನಾನು ಆಹಾರ ತಜ್ಞೆ. ಇಂತಹ ಸಂದೇಶಗಳನ್ನು ಓದಿ ಕಂಗಾಲಾದವರು, ಇಲ್ಲವೇ ಬೀಗಿದವರು, ಮೊಬೈಲ್ ಹಿಡಿದುಕೊಂಡು ಬಂದು ಕೂರುವುದು ನನ್ನ ಮೇಜಿನ ಮುಂದೆಯೇ. ಎರಡೂ ಪಕ್ಷಕ್ಕೆ ನಿರಾಸೆಯಾಗುವ ಉತ್ತರ ಕೊಡುತ್ತೇನೆ: ಧಾಟಿಯನ್ನು ಆಮೇಲೆ ನೋಡಿಕೊಳ್ಳಬಹುದು. ತನಗೆ ಗೊತ್ತಿಲ್ಲದ್ದನ್ನು ಯಂತ್ರ ಗೊತ್ತಿರುವಂತೆ ಹೇಳುತ್ತಿದೆಯೇ ಎಂದು ಮೊದಲು ಪರೀಕ್ಷಿಸಿ.

ಯಂತ್ರ ನೇರವಾಗಿ ಅಳೆಯುವುದು ಒಟ್ಟು ಭಾರವನ್ನು. ಕೊಬ್ಬಿನ ಶೇಕಡಾವಾರು ತೋರಿಸುವ ಯಂತ್ರಗಳೂ ಪಾದಗಳ ಮೂಲಕ ಸಣ್ಣ ವಿದ್ಯುತ್ ಹರಿಸಿ, ದೇಹ ಒಡ್ಡುವ ತಡೆಯನ್ನು ಅಳೆದು, ಎತ್ತರ, ವಯಸ್ಸು, ಲಿಂಗಗಳನ್ನು ಸೇರಿಸಿ ಒಂದು ಅಂದಾಜು ಕಟ್ಟುತ್ತವೆ. ಮೈಯಲ್ಲಿ ನೀರು ಹೆಚ್ಚು ಕಡಿಮೆಯಾದರೆ ಆ ಅಂದಾಜೂ ಅತ್ತಿತ್ತ ಆಗುತ್ತದೆ. ಆರೋಗ್ಯವಂತರ ತೂಕವೇ ಒಂದು ದಿನದಿಂದ ಇನ್ನೊಂದಕ್ಕೆ ಒಂದು ಕಿಲೋ, ಕೆಲವೊಮ್ಮೆ ಎರಡು ಕಿಲೋ ಏರಿಳಿಯುತ್ತದೆ. ಹಿಂದಿನ ದಿನ ಉಪ್ಪು ಹೆಚ್ಚಾಗಿರಬಹುದು, ಮುಟ್ಟಿನ ದಿನ ಹತ್ತಿರವಿರಬಹುದು, ಮಲಬದ್ಧತೆ ಇರಬಹುದು. ಶಕ್ತಿಗಾಗಿ ದೇಹ ಸ್ನಾಯುಗಳಲ್ಲಿ ಕೂಡಿಡುವ ಸಕ್ಕರೆಯ ದಾಸ್ತಾನಾದ ಗ್ಲೈಕೋಜನ್ ಒಂದು ಗ್ರಾಂ ಇದ್ದರೆ ಅದರ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಸೇರಿಕೊಳ್ಳುತ್ತದೆ. ಈಗ "ನಿನ್ನೆಗಿಂತ 600 ಗ್ರಾಂ ಹೆಚ್ಚು!" ಎಂಬ ಕೆಂಪು ಅಕ್ಷರದ ಸಂದೇಶವನ್ನು ತೆಗೆದುಕೊಳ್ಳಿ. ಅಷ್ಟೂ ಕೊಬ್ಬೇ ಆಗಿರಬೇಕಾದರೆ ಆ ವ್ಯಕ್ತಿ ದಿನದ ಅಗತ್ಯದ ಮೇಲೆ ಇನ್ನೂ ಸುಮಾರು 4,600 ಕಿಲೋಕ್ಯಾಲರಿ ತಿಂದಿರಬೇಕು. ಬಹುತೇಕ ಯಾರೂ ತಿಂದಿರುವುದಿಲ್ಲ. ಆದರೆ ಆ ಕೆಂಪು ಅಕ್ಷರ ನೋಡಿ ಬೆಳಗಿನ ಊಟ ಬಿಟ್ಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಿನ್ನೆಗೂ ಇವತ್ತಿಗೂ ಹೋಲಿಸುವುದನ್ನೇ ಕೈಬಿಡಿ. "ಈ ವಾರದ ಸರಾಸರಿ 71.4 ಕಿಲೋ, ಕಳೆದ ವಾರ 71.3. ಗಮನಾರ್ಹ ಬದಲಾವಣೆ ಇಲ್ಲ" ಎಂದರೆ ಸಾಕು. ನೀರಸವಾಗಿದೆ ಎಂದು ನಿಮ್ಮ ಮಾರಾಟ ವಿಭಾಗ ಗೊಣಗಬಹುದು, ಗೊಣಗಲಿ.

ಬೈಗುಳಕ್ಕಿಂತ ನನಗೆ ಹೆಚ್ಚು ದಿಗಿಲು ಹುಟ್ಟಿಸುವುದು ಅಭಿನಂದನೆ. ಒಬ್ಬರು ಬಂದಿದ್ದರು, ಆ್ಯಪ್ ತೆರೆದು ಹೆಮ್ಮೆಯಿಂದ ನನ್ನ ಕಡೆ ತಿರುಗಿಸಿದರು. ವಾರ ವಾರವೂ "ಭೇಷ್! ಗುರಿಯತ್ತ ದಾಪುಗಾಲು!", ಪರದೆಯ ತುಂಬ ಬಣ್ಣದ ಚೂರುಗಳ ಮಳೆ. ಸೊಂಟದ ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡಿದ್ದರು. ಏನು ಮಾಡಿದಿರಿ ಎಂದು ಕೇಳಿದರೆ, ಏನೂ ಮಾಡಿಲ್ಲ, ಊಟ ಮೊದಲಿನಷ್ಟೇ ಇದೆ, ಬಾಯಾರಿಕೆ ಮಾತ್ರ ತಡೆಯಲಾಗುತ್ತಿಲ್ಲ, ರಾತ್ರಿ ಮೂತ್ರಕ್ಕೆ ಎದ್ದೆದ್ದು ನಿದ್ದೆಯಿಲ್ಲ ಎಂದರು. ಅದೇ ದಿನ ರಕ್ತಪರೀಕ್ಷೆಗೆ ಕಳಿಸಿದೆ, ಸಕ್ಕರೆ ಮಿತಿಮೀರಿತ್ತು. ಕಾಯಿಲೆ ಅವರನ್ನು ಕರಗಿಸುತ್ತಿದ್ದಾಗ ಮೊಬೈಲ್ ಚಪ್ಪಾಳೆ ತಟ್ಟುತ್ತಿತ್ತು. ಪ್ರಯತ್ನವಿಲ್ಲದೆ ಆರು ತಿಂಗಳಿಂದ ಒಂದು ವರ್ಷದೊಳಗೆ ದೇಹದ ತೂಕದಲ್ಲಿ ಶೇ. 5ರಷ್ಟು ಇಳಿದರೆ ಕಾರಣ ಹುಡುಕಬೇಕು ಎಂಬುದು ವೈದ್ಯರು ಸಾಮಾನ್ಯವಾಗಿ ಪಾಲಿಸುವ ಲೆಕ್ಕ. ಮಧುಮೇಹ, ಕ್ಷಯ, ಥೈರಾಯ್ಡ್ ತೊಂದರೆ, ಕ್ಯಾನ್ಸರ್, ಖಿನ್ನತೆ, ಯಾವುದೂ ಇರಬಹುದು. ಆ ಮಿತಿ ದಾಟಿದಾಗ ನಿಮ್ಮ ಆ್ಯಪ್ ಕೇಳಬೇಕಾದದ್ದು ಒಂದೇ ಪ್ರಶ್ನೆ: "ಈ ಇಳಿಕೆ ನೀವು ಬಯಸಿ ಮಾಡಿದ್ದೇ?" ಇಲ್ಲ ಎಂದು ಉತ್ತರ ಬಂದರೆ ವೈದ್ಯರನ್ನು ಕಾಣಲು ಹೇಳಿ.

ಹಾಗೆಂದು ಎಲ್ಲಕ್ಕೂ ಸಮಾಧಾನ ಹೇಳುತ್ತಾ ಕೂರುವುದೂ ಸರಿಯಲ್ಲ. ಹೃದಯ ವೈಫಲ್ಯವಿರುವವರಿಗೆ ದಿನವೂ ತೂಕ ನೋಡಿಕೊಳ್ಳಲು ಹೇಳುವುದೇ ಮೈಯಲ್ಲಿ ನೀರು ತುಂಬಿಕೊಳ್ಳುವುದನ್ನು ಬೇಗ ಹಿಡಿಯಲೆಂದು. ಮೂರು ದಿನಗಳಲ್ಲಿ 2 ಕಿಲೋಗಿಂತ ಹೆಚ್ಚು ಏರಿದರೆ ವೈದ್ಯರಿಗೆ ತಿಳಿಸಬೇಕು. ಅಂಥವರಿಗೆ "ಏರಿಳಿತ ಸಹಜ, ಚಿಂತೆ ಬೇಡ" ಎಂಬ ನಯವಾದ ಸಾಲು ಅಪಾಯಕಾರಿ. ಏಳು ದಿನಗಳ ಸರಾಸರಿಯೂ ಅವರಿಗೆ ಬೇಡ, ಏಕೆಂದರೆ ಅದು ಈ ಹಠಾತ್ ಏರಿಕೆಯನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಮೊದಲ ದಿನವೇ ಕೇಳಿಬಿಡಿ: ತೂಕ ನೋಡುತ್ತಿರುವುದು ಏಕೆ? ಇಳಿಸಲೋ, ಏರಿಸಲೋ, ಇದ್ದಷ್ಟೇ ಉಳಿಸಿಕೊಳ್ಳಲೋ, ಗರ್ಭಿಣಿಯೋ, ವೈದ್ಯರ ಸೂಚನೆಯೋ? ಉತ್ತರ ಬದಲಾಗಬಹುದು, ಆಗಾಗ ಮತ್ತೆ ಕೇಳಿ. ಒಂದೇ ಒಂದು ಕಿಲೋ ಒಬ್ಬರಿಗೆ ಗೆಲುವು, ಒಬ್ಬರಿಗೆ ಎಚ್ಚರಿಕೆ, ಮತ್ತೊಬ್ಬರಿಗೆ ಏನೂ ಅಲ್ಲ.

ಹಣೆಪಟ್ಟಿ ಹಚ್ಚುವ ಚಟವನ್ನಂತೂ ಬಿಡಲೇಬೇಕು. 2008ರಲ್ಲಿ ನಿಂಟೆಂಡೊ ಕಂಪನಿಯ ವೀ ಫಿಟ್ ಎಂಬ ವ್ಯಾಯಾಮದ ವಿಡಿಯೋ ಆಟ ಬ್ರಿಟನ್ನಿನ ಹತ್ತು ವರ್ಷದ ಹುಡುಗಿಯೊಬ್ಬಳನ್ನು ದಪ್ಪ ಎಂದು ವರ್ಗೀಕರಿಸಿ ಸುದ್ದಿಯಾಯಿತು, ಕಂಪನಿ ಕ್ಷಮೆ ಕೇಳಿತು. ಆಟ ನೆಚ್ಚಿಕೊಂಡಿದ್ದು ಬಿಎಂಐಯನ್ನು. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸುವ ಈ ಲೆಕ್ಕದ ಮೂಲ 19ನೇ ಶತಮಾನದ ಬೆಲ್ಜಿಯಂ ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟಲೆ. ಅವರು ಹುಡುಕುತ್ತಿದ್ದದ್ದು ಜನಸಮೂಹದ ಸರಾಸರಿಯನ್ನು. ಮಕ್ಕಳ ಬಿಎಂಐಯನ್ನು ವಯಸ್ಸು, ಲಿಂಗದ ಪಟ್ಟಿಯ ಜೊತೆಗೆ ಹೋಲಿಸಿಯೇ ಓದಬೇಕು. ದೊಡ್ಡವರಿಗೂ ಗೆರೆ ಒಂದೇ ಅಲ್ಲ. ಸಾಮಾನ್ಯ ಪಟ್ಟಿಯಲ್ಲಿ ಅಧಿಕ ತೂಕಕ್ಕೆ 25 ಗಡಿಯಾದರೆ, ಏಷ್ಯಾದ ಜನರಿಗೆ 23ರಿಂದಲೇ ಎಚ್ಚರ ವಹಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಾಲೋಚನೆ 2004ರಲ್ಲಿ ಸೂಚಿಸಿತು. 24 ಇರುವವರನ್ನು ನಿಮ್ಮ ಆ್ಯಪ್ ಏನೆಂದು ಕರೆಯುತ್ತದೆ? ಏನೆಂದೂ ಕರೆಯದಿರಲಿ. "ನಿಮ್ಮದು ಅಧಿಕ ತೂಕ" ಎನ್ನುವ ಬದಲು "ನಿಮ್ಮ ಬಿಎಂಐ 24. ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆಯ ಜೊತೆ ಸೇರಿಸಿ ನೋಡಿದರೆ ಇದರ ಅರ್ಥ ಸ್ಪಷ್ಟವಾಗುತ್ತದೆ" ಎಂದು ಬರೆಯಬಹುದು.

ಇನ್ನೆರಡು ಸಣ್ಣ ವಿಷಯಗಳು. ಬಳಕೆದಾರರು ಆರೋಗ್ಯಕರ ತೂಕದ ಕೆಳಗಿನ ಗಡಿಯಾದ ಬಿಎಂಐ 18.5ಕ್ಕಿಂತ ಕೆಳಗೆ ಬರುವಂತಹ ಗುರಿ ತುಂಬಿದರೆ ಆ್ಯಪ್ ಅದನ್ನು ಒಪ್ಪಿಕೊಂಡು ಹುರಿದುಂಬಿಸಕೂಡದು. ಊಟವನ್ನೇ ಶತ್ರುವಾಗಿ ಕಾಣುವ ಕಾಯಿಲೆಯವರಿಗೆ ನಿಮ್ಮ ಪ್ರೋತ್ಸಾಹವೇ ವಿಷ. ಅಂಕಿಯನ್ನು ಪೂರ್ತಿ ಮರೆಮಾಡುವ ಆಯ್ಕೆಯೂ ಇರಲಿ. ಇನ್ನೊಂದು, ತೂಕದ ಯಾವ ಸಂದೇಶವೂ ಲಾಕ್ ಆಗಿರುವ ಪರದೆಯ ಮೇಲೆ ಬರಬಾರದು. ಮೊಬೈಲ್ ಕಚೇರಿಯ ಮೇಜಿನ ಮೇಲಿರುತ್ತದೆ, ಪಕ್ಕದವರಿಗೂ ಕಣ್ಣಿರುತ್ತದೆ.