ಇವತ್ತು ಏನು ಕೇಳಿಸಿತು?

ಪ್ರಶ್ನೆ: ನನಗೆ 41 ವರ್ಷ. ಬೆಳಗ್ಗೆ ಕೆಲಸಕ್ಕೆ ಹೋಗುತ್ತೇನೆ, ಸಂಜೆ ಬರುತ್ತೇನೆ. ರಾತ್ರಿ ಮಗಳು "ಅಪ್ಪಾ, ಇವತ್ತು ಏನೇನ್ ನೋಡಿದೆ?" ಅಂತ ಕೇಳುತ್ತಾಳೆ. ಹೇಳಲು ಏನೂ ಸಿಗುವುದಿಲ್ಲ. ಅದೇ ದಾರಿಯಲ್ಲಿ ಹೋಗಿ ಬಂದ ಅವಳ ಹತ್ತಿರ ಹತ್ತು ಸಂಗತಿ ಇರುತ್ತವೆ. ನನ್ನ ಕಣ್ಣು ಕಿವಿ ಮಂಕಾಗಿವೆಯೇ?
— ಹೆಸರು ಬೇಡ ಎಂದವರು

ಉತ್ತರ: ಮಂಕಾಗಿಲ್ಲ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನನಗೂ ಒಂದು ಕಾಲದಲ್ಲಿ ಹೀಗೇ ಇತ್ತು.

ನಾನು 22 ವರ್ಷ ಧ್ವನಿಮುದ್ರಣದ ಕೆಲಸ ಮಾಡಿದವಳು. ಮೊದಲ ವಾರವೇ ನಮ್ಮ ಹಿರಿಯರೊಬ್ಬರು ನನ್ನನ್ನು ಖಾಲಿ ಕೋಣೆಗೆ ಕಳಿಸಿ, "ಮಾತಾಡದೆ ಒಂದು ನಿಮಿಷ ರೆಕಾರ್ಡ್ ಮಾಡಿಕೊಂಡು ಬಾಮ್ಮ" ಅಂದರು. ಯಾರೂ ಇಲ್ಲದ ಕೋಣೆಯಲ್ಲಿ ರೆಕಾರ್ಡ್ ಮಾಡುವುದು ಏನನ್ನು ಅಂದುಕೊಳ್ಳುತ್ತಲೇ ಹೆಡ್‌ಫೋನ್ ಹಾಕಿಕೊಂಡೆ. ಗೋಡೆ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಟ್ಯೂಬ್‌ಲೈಟ್ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಪಕ್ಕದ ಕೋಣೆಯಲ್ಲಿ ಯಾರೋ ಕುರ್ಚಿ ಎಳೆದರು. ನನ್ನದೇ ತೋಳು ಬಟ್ಟೆಗೆ ಉಜ್ಜಿ ಸರ್ರ್ ಅಂತು. ಆ ಕೋಣೆಯಲ್ಲಿ ನಾನು ಆಗಲೇ ನಾಲ್ಕು ದಿನ ಕೂತಿದ್ದೆ. ಇದರಲ್ಲಿ ಒಂದೂ ಕೇಳಿಸಿರಲಿಲ್ಲ! ನಮ್ಮ ಕೆಲಸದಲ್ಲಿ ಇದಕ್ಕೆ ರೂಂ ಟೋನ್ ಅನ್ನುತ್ತಾರೆ. ಒಂದೊಂದು ಕೋಣೆಯದ್ದೂ ಒಂದೊಂದು ಥರ. ಮಾತನ್ನು ಕತ್ತರಿಸಿ ಜೋಡಿಸುವಾಗ ನಡುವಿನ ಸಂದಿಗೆ ಅದನ್ನು ತುಂಬುತ್ತೇವೆ. ತುಂಬದಿದ್ದರೆ ಕೇಳುವವರಿಗೆ ಅಲ್ಲೊಂದು ಗುಂಡಿ ಬಿದ್ದ ಹಾಗಾಗುತ್ತದೆ.

ಸದ್ದು ಕಿವಿಗೆ ಬೀಳುತ್ತಲೇ ಇರುತ್ತದೆ. ಮಿದುಳು ಅದನ್ನು ಪಕ್ಕಕ್ಕೆ ಸರಿಸುತ್ತದೆ, ಅಷ್ಟೆ. ಒಂದೇ ಸಮ ಇರುವುದರಲ್ಲಿ ಹೊಸ ಸುದ್ದಿ ಇಲ್ಲ ಅಂತ ಅದರ ಲೆಕ್ಕ. ಗಡಿಯಾರ ನಿಂತ ಮೇಲೆಯೇ ಅಲ್ಲೊಂದು ಗಡಿಯಾರ ನಡೆಯುತ್ತಿತ್ತು ಅಂತ ನೆನಪಾಗುವುದು ಇದರಿಂದಲೇ. ಕಣ್ಣೂ ಹೀಗೇ. ಒಂದು ಚುಕ್ಕೆಯನ್ನೇ ಕದಲದೆ ನೋಡುತ್ತಿದ್ದರೆ ಅಂಚಿನಲ್ಲಿರುವ ಮಸುಕು ಬಣ್ಣಗಳು ಮೆಲ್ಲಗೆ ಮಾಯವಾಗುತ್ತವೆ. ಸ್ವಿಟ್ಜರ್‌ಲೆಂಡಿನ ವೈದ್ಯ ಟ್ರಾಕ್ಸ್‌ಲರ್ 1804ರಲ್ಲೇ ಇದನ್ನು ಬರೆದಿಟ್ಟಿದ್ದರು.

ಮನಸ್ಸು ಬೇರೆ ಕಡೆ ಇದ್ದರಂತೂ ಮುಗಿಯಿತು. 1999ರಲ್ಲಿ ಸೈಮನ್ಸ್ ಮತ್ತು ಚಾಬ್ರಿಸ್ ಎಂಬ ಇಬ್ಬರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವಿಡಿಯೋದಲ್ಲಿ ಚೆಂಡು ಎಷ್ಟು ಸಲ ಕೈ ಬದಲಾಯಿಸಿತು ಅಂತ ನೋಡುವವರು ಎಣಿಸಬೇಕಿತ್ತು. ನಡುವೆ ಗೊರಿಲ್ಲಾ ವೇಷ ಹಾಕಿದವರೊಬ್ಬರು ಆರಾಮಾಗಿ ನಡೆದು ಹೋದರು. ಸುಮಾರು ಅರ್ಧದಷ್ಟು ಜನ ಆ ಗೊರಿಲ್ಲಾವನ್ನು ಕಾಣಲೇ ಇಲ್ಲ. ನೀವು ದಾರಿಯುದ್ದಕ್ಕೂ ಆ ದಿನದ ಕೆಲಸಗಳನ್ನು ಎಣಿಸುತ್ತಿರುತ್ತೀರಿ, ಅಲ್ವಾ? ಮಗಳಿಗೆ ಎಣಿಸಲು ಏನೂ ಇಲ್ಲ.

"ಗಮನ ಕೊಡು" ಅಂತ ಸುಮ್ನೆ ಹೇಳಿದರೆ ಕಣ್ಣು ಕಿವಿ ಮಾತು ಕೇಳುವುದಿಲ್ಲ. ಅವಕ್ಕೆ ಒಂದು ಪ್ರಶ್ನೆ ಕೊಡಬೇಕು. ನಮ್ಮ ಭಾಷೆಯಲ್ಲಿ 'ಕೇಳು' ಅಂದರೆ ಆಲಿಸು ಅಂತಲೂ ಹೌದು, ಪ್ರಶ್ನೆ ಮಾಡು ಅಂತಲೂ ಹೌದು. 22 ವರ್ಷ ಹೆಡ್‌ಫೋನ್ ಹಾಕಿಕೊಂಡ ಮೇಲೆ ನನಗೆ ಅವೆರಡೂ ಒಂದೇ ಕೆಲಸ ಅನ್ನಿಸಿದೆ.

ನಾಳೆ ಬಾಟಲಿಗೆ ನೀರು ಹಿಡಿಯುವಾಗ ಕಣ್ಣು ಮುಚ್ಚಿ, "ಎಷ್ಟು ತುಂಬಿತು?" ಅಂತ ಕೇಳಿಕೊಳ್ಳಿ. ನೀರು ಏರಿದ ಹಾಗೆ ಮೇಲಿನ ಗಾಳಿಯ ಜಾಗ ಕಿರಿದಾಗುತ್ತದೆ, ಸ್ವರವೂ ಏರುತ್ತದೆ. ನಾಲ್ಕಾರು ಸಲ ಮಾಡಿದರೆ ನೋಡದೆಯೇ ನಲ್ಲಿ ನಿಲ್ಲಿಸುತ್ತೀರಿ. ಬಿಸಿನೀರು ಸುರಿಯುವ ಸದ್ದು ತಣ್ಣೀರಿನ ಸದ್ದಿನಂತಲ್ಲ, ಅದನ್ನೂ ಹಿಡಿಯಬಹುದು. ಮರದ ಕೆಳಗೆ ನಡೆಯುವಾಗ ನೆಲದ ಮೇಲಿನ ಬಿಸಿಲ ಚುಕ್ಕೆಗಳನ್ನು ನೋಡಿ. ಎಲೆಗಳ ಸಂದಿ ಅಡ್ಡಾದಿಡ್ಡಿ ಇದ್ದರೂ ಚುಕ್ಕೆಗಳು ಯಾಕೆ ದುಂಡಗಿವೆ? ಒಂದೊಂದು ಸಣ್ಣ ಸಂದಿಯೂ ಸೂರ್ಯನ ಬಿಂಬವನ್ನು ನೆಲಕ್ಕೆ ಇಳಿಸುತ್ತದೆ. ಸೂರ್ಯನಿಗೆ ಅರೆಬರೆ ಗ್ರಹಣ ಹಿಡಿದಾಗ ಇವೇ ಚುಕ್ಕೆಗಳು ಕುಡುಗೋಲಿನ ಹಾಗೆ ಬಾಗುತ್ತವೆ. ಇದು ಗೊತ್ತಾದ ಮೇಲೆ ಯಾವ ಮರದ ಕೆಳಗೂ ಸುಮ್ನೆ ದಾಟಿ ಹೋಗಲು ನನ್ನಿಂದ ಆಗಿಲ್ಲ.

ದಿನಕ್ಕೆ ಒಂದು ಸಾಕು. ಜಾಸ್ತಿ ಮಾಡಲು ಹೋದರೆ ಅದೂ ಒಂದು ಹೊರೆಯಾಗುತ್ತದೆ. ಸಿಕ್ಕ ಸದ್ದಿಗೆ ಒಂದು ಪದ ಹುಡುಕಿ. ಕನ್ನಡದಲ್ಲಿ ಮಳೆಯೊಂದಕ್ಕೇ ಜಿಟಿಜಿಟಿ ಇದೆ, ಪಟಪಟ ಇದೆ, ಧೋ ಇದೆ. ಬಾಗಿಲು ಕಿರ್ರ್ ಅಂದಿತೋ ಗೀಂಯ್ ಅಂದಿತೋ ಅಂತ ಹೇಳಬೇಕಾದರೆ ಅದನ್ನು ಇನ್ನೊಂದು ಸಲ ತೆಗೆದು ಕೇಳಲೇಬೇಕು. ಪದ ಸಿಗದಿದ್ದರೆ ರಾತ್ರಿ ಮಗಳನ್ನು ಕೇಳಿ. ಅವಳು ಹೊಸದೇ ಒಂದನ್ನು ಕಟ್ಟಿ ಕೊಡುತ್ತಾಳೆ.

ಪ್ರಶ್ನೆ: ಕಂಡದ್ದನ್ನೆಲ್ಲ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟರೆ ಸಾಲದೇ?
— ಒಬ್ಬ ವಿದ್ಯಾರ್ಥಿನಿ

ಉತ್ತರ: ತೆಗೆಯಮ್ಮ, ಆದರೆ ಮೊದಲು ನೋಡು. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ವಸ್ತುಸಂಗ್ರಹಾಲಯದಲ್ಲಿ ಇದನ್ನೇ ಪರೀಕ್ಷಿಸಿದರು. ಫೋಟೊ ತೆಗೆದ ವಸ್ತುಗಳಿಗಿಂತ ಬರೀ ನೋಡಿದ ವಸ್ತುಗಳೇ ಜನರಿಗೆ ಚೆನ್ನಾಗಿ ನೆನಪಿದ್ದವು. ಒಂದು ಭಾಗವನ್ನಷ್ಟೇ ಝೂಮ್ ಮಾಡಿ ತೆಗೆದಾಗ ಮಾತ್ರ ನೆನಪು ಹಾಗೆ ಕುಂದಲಿಲ್ಲ. ಇಡೀ ಗೋಡೆ ಬೇಡ, ಬಿರುಕಿನಲ್ಲಿ ಹುಟ್ಟಿದ ಹುಲ್ಲಿನ ಎಳೆಯನ್ನು ತೆಗಿ.

ಪ್ರಶ್ನೆ: ನನಗೆ 68. ಸಂಜೆ ಈಗ ಜೀರುಂಡೆಗಳೇ ಕೂಗುವುದಿಲ್ಲ. ಮೊಮ್ಮಗ ಮಾತ್ರ "ಕೂಗ್ತಿವೆಯಲ್ಲ ಅಜ್ಜಿ" ಅನ್ನುತ್ತಾನೆ. ಅವನು ತಮಾಷೆ ಮಾಡುತ್ತಿದ್ದಾನೋ ಏನೋ.
— ಒಬ್ಬ ಅಜ್ಜಿ

ಉತ್ತರ: ತಮಾಷೆ ಇರಲಾರದು ಅಮ್ಮ. ನಮ್ಮ ಒಳಕಿವಿಯಲ್ಲಿ ಶಂಖದ ಹಾಗೆ ಸುರುಳಿ ಸುತ್ತಿದ ಒಂದು ನಳಿಗೆ ಇದೆ. ಏರು ಸ್ವರ ಹಿಡಿಯುವ ಜೀವಕೋಶಗಳು ಅದರ ಬಾಯಿಯ ಹತ್ತಿರ ಇರುತ್ತವೆ. ವಯಸ್ಸಾದ ಹಾಗೆ ಮೊದಲು ಸವೆಯುವುದು ಅವೇ, ಮತ್ತೆ ಹುಟ್ಟುವುದಿಲ್ಲ. ಜೀರುಂಡೆಯ ಸ್ವರ ಬಹಳ ಏರು. ಮಾತಿನಲ್ಲಿ ಸ, ಶ ಅಕ್ಷರಗಳೂ ಮಸುಕಾಗಿ, ಎದುರಿನವರು ಗೊಣಗುತ್ತಿದ್ದಾರೆ ಅನ್ನಿಸಬಹುದು. ದಯವಿಟ್ಟು ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ. ಶ್ರವಣ ಯಂತ್ರದಿಂದ ಎಷ್ಟೋ ಸದ್ದುಗಳು ಮರಳಿ ಬರುತ್ತವೆ.

ಅಲ್ಲಿಯವರೆಗೆ ಮೊಮ್ಮಗನ ಕಿವಿಯನ್ನೇ ಸಾಲ ತೆಗೆದುಕೊಳ್ಳಿ. ಯಾವ ದಿಕ್ಕಿನಿಂದ ಬರುತ್ತಿದೆ ಕೇಳಿ. ಹತ್ತಿರ ಹೋದರೆ ಯಾಕೆ ಸುಮ್ಮನಾಗುತ್ತದೆ ಕೇಳಿ. ಹೆಜ್ಜೆಯ ಅದುರು ಅದಕ್ಕೆ ಮೊದಲೇ ಗೊತ್ತಾಗುತ್ತದೆ. ಸೆಕೆ ಇದ್ದ ಸಂಜೆ ಬೇಗ ಬೇಗ ಕೂಗುತ್ತದೆ, ಚಳಿಯಲ್ಲಿ ನಿಧಾನ. ಅವನು ಎಣಿಸಿ ಹೇಳಲಿ.

ನಮ್ಮ ಅಪ್ಪನಿಗೂ ಹೀಗೇ ಆಗಿತ್ತು. ಕತ್ತಲಾಗುವ ಹೊತ್ತಿಗೆ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. "ಶುರುವಾಯ್ತಾ?" ಅಂತ ಕೇಳುತ್ತಿದ್ದರು. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊದಲನೆಯದು ಕೂಗಿದ ಕೂಡಲೇ "ಶುರುವಾಯ್ತು ಅಪ್ಪ" ಅನ್ನುತ್ತಿದ್ದೆ. ಆಮೇಲೆ ಅವರು ಎದ್ದು ದೀಪ ಹಾಕುತ್ತಿದ್ದರು.